ಹೊಲಿಗೆಗೆ ಇಸ್ತ್ರಿ ಪೆಟ್ಟಿಗೆ: ಕಡಿಮೆ ಬೆಲೆಯಲ್ಲಿ ಸರಿಯಾದದ್ದನ್ನು ಆರಿಸುವ ಬಗೆ

ಹೊಲಿಗೆ ಯಂತ್ರಕ್ಕೆ ಹತ್ತು ಸಾವಿರ ರೂಪಾಯಿ ಕೊಡಲು ಹಿಂದೆಮುಂದೆ ನೋಡದವರೂ ಇಸ್ತ್ರಿ ಪೆಟ್ಟಿಗೆಯ ಮಾತು ಬಂದರೆ ಮನೆಯಲ್ಲಿರುವುದೇ ಸಾಕು ಎನ್ನುತ್ತಾರೆ. ಎಷ್ಟೋ ಸಲ ಅದು ಸಾಕಾಗುತ್ತದೆ ಕೂಡ. ಆದರೆ ಸಾಕೋ ಸಾಲದೋ ಎಂದು ನಿರ್ಧರಿಸಲಿಕ್ಕಾದರೂ ಅದರಲ್ಲಿ ಏನನ್ನು ನೋಡಬೇಕು ಎಂಬುದು ತಿಳಿದಿರಬೇಕು. ಮನೆಯಲ್ಲೇ ಬ್ಲೌಸ್, ಚೂಡಿದಾರ, ಮಕ್ಕಳ ಫ್ರಾಕು ಹೊಲಿಯುವವರನ್ನೂ, ಬಟ್ಟೆಯ ತುಣುಕು ಜೋಡಿಸಿ ಯಂತ್ರದಲ್ಲಿ ಕೌದಿ ಹೊಲಿಯಲು ಹೊರಟವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ಸಾವಿರ ರೂಪಾಯಿಯೊಳಗೆ ಕೊಳ್ಳುವುದಾದರೆ ಸ್ಟೀಮ್ ಐರನ್‌ನ ಆಸೆ ಬಿಡಿ. ತುಸು ತೂಕವಿರುವ, ತಳದಲ್ಲಿ ತೂತುಗಳಿಲ್ಲದ ಸಾದಾ ಡ್ರೈ ಐರನ್, ನೀರು ಚಿಮುಕಿಸುವ ಒಂದು ಬಾಟಲಿ, ಒಂದು ತೆಳುವಾದ ಹತ್ತಿಬಟ್ಟೆ ಇದ್ದರೆ ಹೊಲಿಗೆಯ ಕೆಲಸ ಚೊಕ್ಕವಾಗಿ ನಡೆಯುತ್ತದೆ. ಉಳಿದ ದುಡ್ಡನ್ನು ಇಸ್ತ್ರಿ ಮಾಡುವ ಮೇಜಿಗೆ ಹಾಕಿ.

ಹೊಲಿಯುವವರ ಇಸ್ತ್ರಿಯೇ ಬೇರೆ

ಒಗೆದ ಅಂಗಿಯ ಸುಕ್ಕು ತೆಗೆಯುವಾಗ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಎಳೆದಾಡಿಸುತ್ತೇವೆ. ಹೊಲಿಗೆಯ ನಡುವೆ ಮಾಡುವ ಇಸ್ತ್ರಿಯಲ್ಲಿ ಹಾಗೆ ಎಳೆಯುವಂತಿಲ್ಲ. ಇಡಬೇಕು, ಒತ್ತಬೇಕು, ಎತ್ತಬೇಕು, ಪಕ್ಕದಲ್ಲಿ ಮತ್ತೆ ಇಡಬೇಕು. ಕ್ರಾಸ್ ಆಗಿ, ಅಂದರೆ ನೂಲಿಗೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಮೇಲೆ ಪೆಟ್ಟಿಗೆ ಎಳೆದರೆ ಅದು ಹಿಗ್ಗಿ ಅಲೆಯಲೆಯಾಗುತ್ತದೆ. ಬ್ಲೌಸಿನ ಕುತ್ತಿಗೆ ಸೊಟ್ಟಗಾಗುವುದಕ್ಕೆ ಎಷ್ಟೋ ಸಲ ಕತ್ತರಿ ಕಾರಣವಲ್ಲ, ಇಸ್ತ್ರಿಯೇ ಕಾರಣ.

ತುಣುಕು ಜೋಡಣೆಯಲ್ಲಿ ಇಸ್ತ್ರಿ ಸರಿಯಾಗದಿದ್ದರೆ ಆಗುವ ತೊಂದರೆ ಲೆಕ್ಕಕ್ಕೇ ಸಿಗುತ್ತದೆ. ಒಂದು ಸಾಲಿನಲ್ಲಿ ಒಂಬತ್ತು ಚೌಕಗಳಿವೆ ಎಂದುಕೊಳ್ಳಿ. ಎಂಟು ಜೋಡಣೆ. ಪ್ರತಿ ಜೋಡಣೆಯಲ್ಲೂ ಬಟ್ಟೆ ಪೂರ್ತಿ ಬಿಚ್ಚಿಕೊಳ್ಳದೆ ಇಂಚಿನ ಹದಿನಾರನೇ ಒಂದು ಭಾಗದಷ್ಟು ಮಡಿಕೆಯಲ್ಲೇ ಉಳಿದರೆ ಸಾಲು ಅರ್ಧ ಇಂಚು ಗಿಡ್ಡವಾಗುತ್ತದೆ. ಕಾಲು ಇಂಚಿನ ಅಂಚು ಬಿಟ್ಟು ಎಷ್ಟೇ ನೇರವಾಗಿ ಹೊಲಿದಿದ್ದರೂ ಆ ಸಾಲು ಕೆಳಗಿನ ಸಾಲಿಗೆ ಕೂಡುವುದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಉತ್ತರ ಕರ್ನಾಟಕದ ಸಾಂಪ್ರದಾಯಿಕ ಕೌದಿಗೆ ಇಸ್ತ್ರಿ ಪೆಟ್ಟಿಗೆಯ ಹಂಗೇ ಇಲ್ಲ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ತುಣುಕಿಟ್ಟು, ಅಂಚನ್ನು ಉಗುರಿನಿಂದ ಗೀರಿ ಮಡಿಸಿ, ಉದ್ದಕ್ಕೂ ಕೈಹೊಲಿಗೆ ಹಾಕಿಕೊಂಡು ಹೋಗುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊರ ಅಂಚಿನಿಂದ ಶುರುಮಾಡಿ ಸುತ್ತುತ್ತ ಒಳಕ್ಕೆ ಬರುತ್ತಾರೆ. ಅಲ್ಲಿ ತುಣುಕುಗಳನ್ನು ಮೊದಲೇ ಅಳೆದು ಒಂದಕ್ಕೊಂದು ಕೂಡಿಸುವ ತಾಪತ್ರಯವಿಲ್ಲ, ಬಟ್ಟೆ ಹೇಗೆ ಬಂತೋ ಹಾಗೆ ಕೆಲಸ ಹೊಂದಿಕೊಳ್ಳುತ್ತದೆ. ಅಂಥ ಕೌದಿಯನ್ನೇ ಹೊಲಿಯುವವರು ಹೊಸ ಪೆಟ್ಟಿಗೆಗೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಯಂತ್ರದಲ್ಲಿ, ಅಳತೆಯ ತುಣುಕುಗಳನ್ನು ಜೋಡಿಸುವವರಿಗೆ ಮಾತ್ರ ಮುಂದಿನ ಮಾತು.

ಮೊದಲು ಗೋಡೆಯ ಸಾಕೆಟ್ ನೋಡಿ

ಅಂಗಡಿಗೆ ಹೋಗುವ ಮುಂಚೆ ನೀವು ಎಲ್ಲಿ ಇಸ್ತ್ರಿ ಮಾಡುತ್ತೀರೋ ಅಲ್ಲಿನ ಸಾಕೆಟ್ ಯಾವುದು ಎಂದು ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಚಿಕ್ಕದು 6 ಆಂಪಿಯರ್, ದೊಡ್ಡದು 16 ಆಂಪಿಯರ್. 230 ವೋಲ್ಟಿನಲ್ಲಿ 1000 ವ್ಯಾಟಿನ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ, ಚಿಕ್ಕ ಸಾಕೆಟ್ಟಿಗೆ ಅದು ನಿರಾತಂಕ. 2000 ವ್ಯಾಟಿನದು 8.7 ಆಂಪಿಯರ್ ಎಳೆಯುತ್ತದೆ, ದೊಡ್ಡ ಸಾಕೆಟ್ ಬೇಕೇ ಬೇಕು. ಅದು ಹೆಚ್ಚಾಗಿ ಅಡುಗೆಮನೆಯಲ್ಲೋ ಬಚ್ಚಲುಮನೆಯ ಗೀಸರಿನ ಪಕ್ಕದಲ್ಲೋ ಇರುತ್ತದೆ. ಯಂತ್ರ ಒಂದು ಕೋಣೆಯಲ್ಲಿ, ಇಸ್ತ್ರಿ ಇನ್ನೊಂದರಲ್ಲಿ ಆದರೆ ಪ್ರತಿ ಹೊಲಿಗೆಗೂ ಎದ್ದು ಓಡಾಡಬೇಕು. ಕೊನೆಗೆ ಇಸ್ತ್ರಿಯನ್ನೇ ಕೈಬಿಡುತ್ತೀರಿ.

ದೊಡ್ಡ ಪ್ಲಗ್ಗನ್ನು ಚಿಕ್ಕ ಸಾಕೆಟ್ಟಿಗೆ ಹೊಂದಿಸುವ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತದೆ. ಇಸ್ತ್ರಿಗೆ ಅದನ್ನು ಬಳಸಬೇಡಿ. ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸಿನದೂ ಅದೇ ಕಥೆ. ಬಳಸಲೇಬೇಕಾದರೆ ದಪ್ಪ ವೈರಿನದನ್ನು ಆರಿಸಿ, ವೈರನ್ನು ಸುರುಳಿ ಬಿಚ್ಚಿ ಉದ್ದಕ್ಕೆ ಹರಡಿ. ಅರ್ಥಿಂಗ್ ಇಲ್ಲದ ಹಳೆಯ ಮನೆಯಾದರೆ ಪೆಟ್ಟಿಗೆಗಿಂತ ಮೊದಲು ಎಲೆಕ್ಟ್ರಿಷಿಯನ್ ಬರಲಿ. ಲೋಹದ ತಳ, ಒದ್ದೆ ಬಟ್ಟೆ, ಒದ್ದೆ ಕೈ ಮೂರೂ ಒಂದೆಡೆ ಸೇರುವ ಕೆಲಸ ಇದು.

ವ್ಯಾಟ್ ಎಷ್ಟಿರಬೇಕು ಎಂದರೆ, ಹೊಲಿಗೆಗೆ 1000 ವ್ಯಾಟ್ ಧಾರಾಳವಾಯಿತು. 750 ವ್ಯಾಟಿನದೂ ನಡೆಯುತ್ತದೆ, ಆದರೆ ಹಗುರ ತಳವಾದರೆ ಒದ್ದೆ ಹತ್ತಿಬಟ್ಟೆಯ ಮೇಲೆ ನಾಲ್ಕು ಸಲ ಇಡುವಷ್ಟರಲ್ಲಿ ಕಾವು ಇಳಿದು, ಮತ್ತೆ ಏರಲು ಕಾಯಿಸುತ್ತದೆ.

ತೂಕ, ತಳ, ತುದಿ

ಆರಿಸುವುದರಲ್ಲಿ ನಿಜವಾದ ಕೆಲಸ ಇರುವುದು ಇಲ್ಲಿ. ಇದ್ದಿಲು ತುಂಬುವ ಹಿತ್ತಾಳೆಯ ಇಸ್ತ್ರಿ ಪೆಟ್ಟಿಗೆ ಹಿಡಿದು ನೋಡಿದವರಿಗೆ ತೂಕದ ಮಹಿಮೆ ಗೊತ್ತು. ಐದಾರು ಕೆ.ಜಿ. ಭಾರದ ಆ ಪೆಟ್ಟಿಗೆ ತಾನೇ ಒತ್ತುತ್ತದೆ, ಕೈ ಬರೀ ದಾರಿ ತೋರಿಸಿದರೆ ಸಾಕು. ಈಗಿನ ಮನೆಬಳಕೆಯ ಹಗುರ ಪೆಟ್ಟಿಗೆಗಳು ಒಂದು ಕೆ.ಜಿ.ಗೂ ಕಡಿಮೆ ಇರುತ್ತವೆ. ಅಂಗಿಗೆ ಅವು ಚೆನ್ನ. ನಾಲ್ಕು ಪದರ ಬಟ್ಟೆ ಸೇರುವ ಜೋಡಣೆಯನ್ನು ಚಪ್ಪಟೆ ಮಾಡಲು ಮಾತ್ರ ಭುಜದ ಬಲ ಹಾಕಬೇಕಾಗುತ್ತದೆ.

ಹೆವಿ ವೇಟ್ ಎಂದು ಮಾರುವ ಡ್ರೈ ಐರನ್‌ಗಳು ಒಂದೂವರೆಯಿಂದ ಎರಡು ಕೆ.ಜಿ. ತೂಗುತ್ತವೆ. ಹೊಲಿಗೆಗೆ ನಾನು ಶಿಫಾರಸು ಮಾಡುವುದು ಇದೇ ಜಾತಿಯನ್ನು. ಆದರೆ ಇಟ್ಟು ಎತ್ತುವ ಕೆಲಸವಾದ್ದರಿಂದ ಮಣಿಕಟ್ಟು ನೋಯುವವರು, ದಿನಕ್ಕೆ ನಾಲ್ಕಾರು ಗಂಟೆ ಹೊಲಿಯುವವರು ಒಂದೂಕಾಲು ಕೆ.ಜಿ. ಆಸುಪಾಸಿನದನ್ನು ನೋಡಲಿ. ಡಬ್ಬಿಯ ಮೇಲೆ ಬರೆದ ತೂಕವನ್ನು ನೆಚ್ಚಬೇಡಿ, ಕೆಲವರು ಡಬ್ಬಿ, ವೈರ್ ಎಲ್ಲ ಸೇರಿಸಿ ಬರೆಯುತ್ತಾರೆ. ಕೈಯಲ್ಲಿ ಹಿಡಿದು, ಗಲ್ಲಾದ ಮೇಲೆ ಇಪ್ಪತ್ತು ಸಲ ಇಟ್ಟು ಎತ್ತಿ ನೋಡಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಬೆಲೆಯ ಅಂದಾಜು ಹೀಗೆ. ಬಜಾಜ್, ಉಷಾ, ಫಿಲಿಪ್ಸ್, ಹ್ಯಾವೆಲ್ಸ್, ಕ್ರಾಂಪ್ಟನ್‌ನಂಥ ಹೆಸರುಗಳ 1000 ವ್ಯಾಟಿನ ಹಗುರ ಡ್ರೈ ಐರನ್ ಸಾಮಾನ್ಯವಾಗಿ 600ರಿಂದ 1,000 ರೂಪಾಯಿಯ ನಡುವೆ ಸಿಗುತ್ತದೆ. ತೂಕದವು 1,000ದಿಂದ 2,000 ರೂಪಾಯಿ. ಇವುಗಳೊಳಗೆ ಬ್ರಾಂಡಿನಿಂದ ಬ್ರಾಂಡಿಗೆ ಇರುವ ವ್ಯತ್ಯಾಸಕ್ಕಿಂತ ಒಂದೇ ಬ್ರಾಂಡಿನ ಎರಡು ಮಾದರಿಗಳ ವ್ಯತ್ಯಾಸವೇ ದೊಡ್ಡದು. ಆದ್ದರಿಂದ ಹೆಸರು ಹೇಳಿ ಕೊಳ್ಳದೆ ಪೆಟ್ಟಿಗೆ ನೋಡಿ ಕೊಳ್ಳಿ.

ತಳ ಹೇಗಿರಬೇಕು? ನೆಟ್ಟಗೆ ಚಪ್ಪಟೆಯಾಗಿರಬೇಕು. ಬ್ಯಾಗಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಹೋಗಿ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ, ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ತಳಕ್ಕೆ ಅಡ್ಡಲಾಗಿ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಹಿಡಿದು ಬೆಳಕಿಗೆ ನೋಡಿ. ಸ್ಕೇಲಿನ ಕೆಳಗೆ ಬೆಳಕು ಇಣುಕಿದರೆ ಅಲ್ಲಿ ತಗ್ಗಿದೆ ಎಂದರ್ಥ, ಆ ಜಾಗದಲ್ಲಿ ಬಟ್ಟೆಗೆ ಕಾವು ತಾಗುವುದಿಲ್ಲ. ತುದಿ ಚೂಪಾಗಿರಲಿ. ಹೊಲಿದ ಅಂಚನ್ನು ಎರಡು ಕಡೆಗೆ ಬಿಡಿಸಿ ಒತ್ತುವಾಗ, ತೋಳಿನ ಮೂಲೆಗೆ, ಕಾಲರಿನ ತುದಿಗೆ ನುಗ್ಗುವುದು ಆ ಚೂಪು ಮೂತಿಯೇ. ಉರುಟು ಮೂತಿಯ ಪೆಟ್ಟಿಗೆಗಳು ಅಂಗಡಿಯಲ್ಲಿ ಮುದ್ದಾಗಿ ಕಾಣುತ್ತವೆ, ಕೆಲಸಕ್ಕೆ ಬಾರವು.

ತಳದ ಲೇಪನದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ನಾನ್‌ಸ್ಟಿಕ್ ಲೇಪನದ್ದು ಸರಾಗ, ಪೇಸ್ಟಿಂಗ್ ಕ್ಯಾನ್ವಾಸಿನ, ಅಂದರೆ ಕಾಲರಿನಂಥ ಕಡೆ ಒಳಗೆ ಬಿಸಿಯಿಂದ ಅಂಟಿಸುವ ಗಟ್ಟಿ ಬಟ್ಟೆಯ, ಅಂಟು ತಗುಲಿದರೂ ಬೇಗ ಬಿಡುತ್ತದೆ. ಆದರೆ ಜಿಪ್, ಹುಕ್ಕು, ಗುಂಡುಸೂಜಿಯ ತಲೆ ತಾಗಿದರೆ ಗೀರು ಬೀಳುತ್ತದೆ, ಒಮ್ಮೆ ಎದ್ದ ಲೇಪನ ಮತ್ತೆ ಕೂರುವುದಿಲ್ಲ. ಲೇಪನವಿಲ್ಲದ ಹೊಳಪು ಅಲ್ಯೂಮಿನಿಯಮ್ ತಳಕ್ಕೆ ಅಂಟು ಬೇಗ ಹಿಡಿಯುತ್ತದೆ, ತಿಕ್ಕಿದರೆ ಹೋಗುತ್ತದೆ. ಗುಂಡುಸೂಜಿ ಚುಚ್ಚಿಟ್ಟೇ ಇಸ್ತ್ರಿ ಮಾಡುವ ಅಭ್ಯಾಸದವರಿಗೆ ಎರಡನೆಯದೇ ವಾಸಿ.

ಅಂಗಡಿಯಲ್ಲಿ ಇನ್ನೂ ಎರಡು ನಿಮಿಷ

ತಿರುಗಿಸುವ ಗುಬ್ಬಿಯ ಹತ್ತಿರದಲ್ಲೇ ದೀಪ ಇದೆಯೇ, ಅದು ಹಿಡಿ ಹಿಡಿದ ಕೈಗೆ ಮರೆಯಾಗದೆ ಕಾಣುತ್ತದೆಯೇ ನೋಡಿ. ಹಿಂಬದಿಯ ಮೇಲೆ ನಿಲ್ಲಿಸಿ ಮೇಜನ್ನು ಸ್ವಲ್ಪ ಅಲುಗಾಡಿಸಿ. ಹೊಲಿಗೆ ಯಂತ್ರ ಓಡುವ ಮೇಜಿನ ಪಕ್ಕದಲ್ಲೇ ಇದು ನಿಂತಿರಬೇಕು, ಬೀಳುವ ಪೆಟ್ಟಿಗೆ ಬೇಡ. ವೈರು ಹೊರಬರುವ ಜಾಗ ಸುತ್ತಲೂ ತಿರುಗುವಂತಿದ್ದರೆ ಎಡಗೈಯವರಿಗೂ ಅನುಕೂಲ. ಸಾಧ್ಯವಿದ್ದರೆ ಹತ್ತಿಯ ಹೆಣಿಗೆಯಿರುವ ವೈರನ್ನೇ ಆರಿಸಿ. ಬಿಸಿ ತಳ ಅಪ್ಪಿತಪ್ಪಿ ತಾಗಿದಾಗ ಪ್ಲಾಸ್ಟಿಕ್ ವೈರು ತಕ್ಷಣ ಕರಗುತ್ತದೆ, ಹೆಣೆದ ವೈರು ಕೈ ಸರಿಸುವಷ್ಟು ಹೊತ್ತು ತಾಳುತ್ತದೆ.

ಐಎಸ್‌ಐ ಗುರುತು ಕಡ್ಡಾಯ.  ಗುರುತಿನ ಮೇಲೆ ಐಎಸ್ ಎಂದು ಶುರುವಾಗುವ ಭಾರತೀಯ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರಬೇಕು. ಮೊಬೈಲಿನಲ್ಲಿ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್ ಇದ್ದರೆ ಆ ಪರವಾನಗಿ ಸಂಖ್ಯೆ ಹಾಕಿ ಅಸಲಿಯೋ ನಕಲಿಯೋ ಅಲ್ಲೇ ನೋಡಬಹುದು. ಪುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ಹೆಸರಿಲ್ಲದ ಪೆಟ್ಟಿಗೆಯನ್ನು ಈ ಒಂದು ಪರೀಕ್ಷೆಯಲ್ಲೇ ಕೆಳಗಿಡಬಹುದು.

ತಾನೇ ಆರುವ ಸೌಲಭ್ಯ ಕೆಲವು ದುಬಾರಿ ಪೆಟ್ಟಿಗೆಗಳಲ್ಲಿದೆ. ಕೆಲವು ನಿಮಿಷ ಅಲುಗಾಡದಿದ್ದರೆ ವಿದ್ಯುತ್ ಕಡಿತವಾಗುತ್ತದೆ. ಒಂದು ಸಾಲು ಹೊಲಿದು ಎದ್ದು ಬರುವಷ್ಟರಲ್ಲಿ ಪೆಟ್ಟಿಗೆ ತಣ್ಣಗಾಗಿರುತ್ತದೆ ಎಂದು ಹೊಲಿಯುವವರು ಇದನ್ನು ಬೈಯುತ್ತಾರೆ. ಬೈಗುಳದಲ್ಲಿ ಹುರುಳಿದೆ. ಆದರೆ ನಮ್ಮ ಊರುಗಳಲ್ಲಿ ಇನ್ನೊಂದು ಅಪಾಯವಿದೆ. ಇಸ್ತ್ರಿ ಮಾಡುತ್ತಿರುವಾಗ ಕರೆಂಟ್ ಹೋಗುತ್ತದೆ, ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಹಾಗೇ ಬಿಟ್ಟು ಎದ್ದು ಹೋಗುತ್ತೇವೆ, ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಬರುತ್ತದೆ. ಸಾದಾ ಪೆಟ್ಟಿಗೆ ಕೊಂಡವರು ಕರೆಂಟ್ ಹೋದ ಕ್ಷಣವೇ ಪ್ಲಗ್ ಕೀಳುವ ಅಭ್ಯಾಸ ಮಾಡಿಕೊಳ್ಳಬೇಕು. ಮನೆಯ ಸಣ್ಣ ಯುಪಿಎಸ್ ಇಸ್ತ್ರಿ ಪೆಟ್ಟಿಗೆಯನ್ನು ಹೊರುವುದಿಲ್ಲ, ಆ ಲೈನಿಗೆ ಚುಚ್ಚಲೇಬೇಡಿ.

ಸ್ಟೀಮ್ ಏಕೆ ಬೇಡ?

ಹಬೆ ಕೆಟ್ಟದ್ದಲ್ಲ. ಹತ್ತಿಗೆ, ಲಿನನ್ನಿಗೆ, ಉಣ್ಣೆಗೆ ಅದು ಬೇಕು. ತೊಂದರೆ ಇರುವುದು ಅಗ್ಗದ ಸ್ಟೀಮ್ ಐರನ್‌ನಲ್ಲಿ. ಕಾವು ಸ್ವಲ್ಪ ಕಡಿಮೆಯಾದರೂ ನೀರು ಹಬೆಯಾಗದೆ ತೂತುಗಳಿಂದ ತೊಟ್ಟಿಕ್ಕಿ ಬಟ್ಟೆಯ ಮೇಲೆ ಕಲೆ ಬೀಳಿಸುತ್ತದೆ. ಕ್ಯಾನ್ವಾಸ್ ಅಂಟಿಸುವಾಗ ತೂತಿರುವ ಕಡೆ ತಳವೇ ಇಲ್ಲವಾದ್ದರಿಂದ ಅಲ್ಲಿ ಅಂಟು ಕೂರುವುದಿಲ್ಲ, ಒಗೆದ ಮೇಲೆ ಆ ಜಾಗ ಗುಳ್ಳೆಯಾಗಿ ಏಳುತ್ತದೆ. ಇನ್ನು ಓರೆ ತುಣುಕುಗಳಿಗೆ ಹಬೆ ಬಿಟ್ಟು ಎಳೆದರೆ ಅವು ಎಷ್ಟು ಬೇಕಾದರೂ ಹಿಗ್ಗುತ್ತವೆ.

ನೀರಿನದು ಬೇರೆಯೇ ಸಮಸ್ಯೆ. ಬೋರ್‌ವೆಲ್ ನೀರು ಬಳಸುವ ಊರುಗಳಲ್ಲಿ ಬಿಸಿನೀರಿನ ಪಾತ್ರೆಯ ಒಳಗೆ ಬಿಳಿ ಪೊರೆ ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಸುಣ್ಣದ ಪೊರೆ ಪೆಟ್ಟಿಗೆಯ ಹಬೆ ದಾರಿಯಲ್ಲೂ ಕಟ್ಟಿ, ತೂತು ಮುಚ್ಚಿ, ಒಂದು ದಿನ ಬಿಳಿ ಬೂದು ಚೂರುಗಳಾಗಿ ಕಪ್ಪು ಬಟ್ಟೆಯ ಮೇಲೆ ಉದುರುತ್ತದೆ. ಸ್ಟೀಮ್ ಐರನ್ ಆಗಲೇ ಮನೆಯಲ್ಲಿದ್ದರೆ ಆರ್‌ಒ ಫಿಲ್ಟರಿನ ನೀರು ಹಾಕಿ, ಕೆಲಸ ಮುಗಿದ ಕೂಡಲೇ ಉಳಿದ ನೀರು ಚೆಲ್ಲಿ. ಹೊಲಿಗೆಗೆ ಹಬೆಯ ಗುಂಡಿ ಮುಚ್ಚಿ ಒಣಗಿಸಿಯೇ ಬಳಸಿ.

ಡ್ರೈ ಐರನ್‌ನಲ್ಲಿ ಹಬೆ ಬೇಕೆಂದಾಗ ತೆಳು ಹತ್ತಿಬಟ್ಟೆಯನ್ನು ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ತುಣುಕಿನ ಮೇಲೆ ಹಾಸಿ ಪೆಟ್ಟಿಗೆ ಇಡಿ. ಚುಸ್ ಎಂದು ಹಬೆ ಬಟ್ಟೆಯ ಒಳಕ್ಕೇ ಇಳಿಯುತ್ತದೆ. ಹಳೆಯ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ರೇಷ್ಮೆಗೆ ಮಾತ್ರ ಒದ್ದೆ ಬಟ್ಟೆ ಬೇಡ, ನೀರಿನ ಕಲೆ ಉಳಿಯುತ್ತದೆ. ಜರಿಯಿದ್ದರೆ ಒಳಮೈ ಮೇಲೆ ಮಾಡಿ, ಒಣ ಹತ್ತಿಬಟ್ಟೆ ಅಡ್ಡ ಇಟ್ಟು, ಮಧ್ಯಮ ಕಾವಿನಲ್ಲಿ ಒತ್ತಿ.

ದಿನವಿಡೀ ಆರ್ಡರ್ ಹೊಲಿಯುವವರ ಮಾತು ಬೇರೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಕಾಣುವ, ಮೇಲೆ ನೀರಿನ ಬಾಟಲಿ ತೂಗುಹಾಕಿ ನಳಿಗೆಯಿಂದ ನೀರಿಳಿಸುವ ಭಾರದ ಸ್ಟೀಮ್ ಐರನ್ ಅವರಿಗೆ ಸರಿ. ಅದು ಮನೆಯ ಮೂಲೆಯಲ್ಲಿ ಆಗೊಮ್ಮೆ ಈಗೊಮ್ಮೆ ಹೊಲಿಯುವವರಿಗೆ ಅಲ್ಲ.

ಮನೆಗೆ ತಂದ ಮೇಲೆ ಪರೀಕ್ಷೆ

ಬಿಲ್ ಎತ್ತಿಡಿ, ಡಬ್ಬಿ ಎಸೆಯಬೇಡಿ. ಮೊದಲ ದಿನವೇ ಪರೀಕ್ಷೆ ಮುಗಿಸಿದರೆ ಬದಲಾಯಿಸಿಕೊಳ್ಳುವುದು ಸುಲಭ.

ಪೆಟ್ಟಿಗೆಯನ್ನು ಕಾಟನ್ ಗುರುತಿಗೆ ಇಟ್ಟು ಹಚ್ಚಿ. ಮೊದಲ ಸಲ ದೀಪ ಆರಿದಾಗ ತಳ ಬೇಕಾದದ್ದಕ್ಕಿಂತ ಹೆಚ್ಚು ಕಾದಿರುತ್ತದೆ, ಕಾವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟಿನ ಸ್ವಭಾವವೇ ಅದು. ದೀಪ ಎರಡು ಮೂರು ಸಲ ಹತ್ತಿ ಆರಲಿ. ಆಮೇಲೆ ಬಿಳಿ ಹತ್ತಿಬಟ್ಟೆಯ ಮೇಲೆ ಹತ್ತು ಸೆಕೆಂಡ್ ಅಲುಗಾಡಿಸದೆ ಇಟ್ಟು ಎತ್ತಿ. ಹಳದಿ ಛಾಯೆ ಬಂದರೆ ಕಾವು ಅತಿಯಾಯಿತು.

ತಳದ ಎಲ್ಲ ಕಡೆ ಒಂದೇ ಸಮ ಕಾಯುತ್ತದೆಯೇ ಎಂದು ತಿಳಿಯಲು ಪೇಸ್ಟಿಂಗ್ ಕ್ಯಾನ್ವಾಸಿಗಿಂತ ಒಳ್ಳೆಯ ಸಾಧನ ಇಲ್ಲ. ತಳದಷ್ಟೇ ಅಳತೆಯ ಕ್ಯಾನ್ವಾಸ್ ಕತ್ತರಿಸಿ, ಅಂಟಿನ ಮೈ ಕೆಳಗೆ ಬರುವಂತೆ ಹತ್ತಿಬಟ್ಟೆಯ ಮೇಲಿಡಿ. ಕೈಯಿಂದ ಸವರಿದರೆ ಅಂಟಿನ ಮೈ ತರಿತರಿಯಾಗಿ ಸಿಗುತ್ತದೆ. ಪೆಟ್ಟಿಗೆಯನ್ನು ಸರಿಯಾಗಿ ಅದರ ಮೇಲೆ ಇಟ್ಟು ಹತ್ತು ಹನ್ನೆರಡು ಸೆಕೆಂಡ್ ಒತ್ತಿ, ಎತ್ತಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗ ಮುಟ್ಟಿದರೆ ಪರೀಕ್ಷೆ ಕೆಟ್ಟಿತು. ಆರಿದ ಮೇಲೆ ಒಂದೊಂದೇ ಮೂಲೆಯನ್ನು ಉಗುರಿನಿಂದ ಎಬ್ಬಿಸಿ. ತುದಿಯಲ್ಲೋ ಹಿಂಬದಿಯ ಮೂಲೆಯಲ್ಲೋ ಸುಲಭವಾಗಿ ಎದ್ದು ಬಂದರೆ ಅಲ್ಲಿ ಕಾವು ತಲುಪುತ್ತಿಲ್ಲ. ಹಿಂಬದಿ ಸ್ವಲ್ಪ ಸಡಿಲವಾದರೆ ಸಹಿಸಬಹುದು. ತುದಿ ತಣ್ಣಗಿದ್ದರೆ ಹಿಂದಿರುಗಿಸಿ.

ಕಾವಿನ ಗುರುತುಗಳಲ್ಲಿ ಒಂದು ಚುಕ್ಕೆ ಎಂದರೆ ಸುಮಾರು 110 ಡಿಗ್ರಿ ಸೆಲ್ಸಿಯಸ್, ಸಿಂಥೆಟಿಕ್‌ಗೆ. ಎರಡು ಚುಕ್ಕೆ 150, ರೇಷ್ಮೆ ಉಣ್ಣೆಗೆ. ಮೂರು ಚುಕ್ಕೆ 200, ಹತ್ತಿ ಲಿನನ್ನಿಗೆ. ಟೈಲರ್ ಅಂಗಡಿಯಿಂದ ತಂದ ಚಿಂದಿಯಲ್ಲಿ ಎಲ್ಲವೂ ಕಲೆತಿರುತ್ತವೆ. ಅನುಮಾನ ಬಂದ ಬಟ್ಟೆಯಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಒಂದೇ ಕೌದಿಯಲ್ಲಿ ಎರಡನ್ನೂ ಬೆರೆಸಿದರೆ ಮುಂದೆ ಯಾವ ಕಾವಿಗೂ ಅದು ಸರಿಹೋಗುವುದಿಲ್ಲ.

ಮೇಜು ಮತ್ತು ಕಂಬಳಿ

ಅಂಗಡಿಯ ಮಡಿಸುವ ಇಸ್ತ್ರಿ ಸ್ಟ್ಯಾಂಡ್ ಅಂಗಿಗಾಗಿ ಮಾಡಿದ್ದು. ಒಂದು ಕಡೆ ಕಿರಿದಾಗುತ್ತದೆ, ಮಧ್ಯೆ ಸ್ಪಂಜು ಮೆತ್ತಗಿರುತ್ತದೆ. ಮೆತ್ತನೆಯ ಹಾಸಿನ ಮೇಲೆ ಜೋಡಣೆ ಚಪ್ಪಟೆಯಾಗುವುದಿಲ್ಲ, ಕೆಳಕ್ಕೆ ಹೂತುಹೋಗುತ್ತದೆ. ಗಟ್ಟಿ ಮೇಜು ಬೇಕು, ಅದರ ಮೇಲೆ ಕಾವು ಹಿಡಿದಿಡುವ ಹಾಸು ಬೇಕು.

ಅಮೆರಿಕದಲ್ಲಿ ಕೌದಿ ಹೊಲಿಯುವವರು ಇಸ್ತ್ರಿಗೆಂದೇ ದಪ್ಪ ಉಣ್ಣೆಯ ಹಾಸನ್ನು ಒಳ್ಳೆಯ ಬೆಲೆ ಕೊಟ್ಟು ಕೊಳ್ಳುತ್ತಾರೆ. ಉಣ್ಣೆ ಕಾವನ್ನು ಹಿಡಿದಿಟ್ಟು ಕೆಳಗಿನಿಂದಲೂ ಬಟ್ಟೆಗೆ ಬಿಸಿ ಮುಟ್ಟಿಸುತ್ತದೆ. ನಮ್ಮ ಅಟ್ಟದ ಮೇಲಿರುವ ಕುರಿ ಉಣ್ಣೆಯ ಕಂಬಳಿ ಆ ಕೆಲಸವನ್ನು ಸೊಗಸಾಗಿ ಮಾಡುತ್ತದೆ. ಚೆನ್ನಾಗಿ ಕೊಡವಿ, ಬಿಸಿಲಿಗೆ ಹಾಕಿ, ಎರಡು ಮಡಿಕೆ ಮಾಡಿ ಮೇಜಿನ ಮೇಲೆ ಎಳೆದು ಹಾಸಿ. ಮೇಲೆ ಬಿಳಿಯ ಹತ್ತಿ ಬೆಡ್‌ಶೀಟ್ ಬಿಗಿಯಾಗಿ ಸುತ್ತಿ ಕೆಳಗೆ ಪಿನ್ ಹೊಡೆಯಿರಿ. ಒದ್ದೆಯಾದಾಗ ಉಣ್ಣೆಯ ವಾಸನೆ ಬರುತ್ತದೆ, ನಾಲ್ಕು ದಿನದಲ್ಲಿ ಮೂಗಿಗೆ ರೂಢಿಯಾಗುತ್ತದೆ. ಅಂಗಡಿಯಲ್ಲಿ ಉಣ್ಣೆಯ ಹೆಸರಿನಲ್ಲಿ ಮಾರುವ ಅಕ್ರಿಲಿಕ್ ಹೊದಿಕೆ ಇದಕ್ಕೆ ಬೇಡವೇ ಬೇಡ, ಅದು ಕಾವಿಗೆ ಕರಗುತ್ತದೆ.

ಒತ್ತುವ ಕ್ರಮ ಇಷ್ಟು. ಹೊಲಿದ ಕೂಡಲೇ ಬಿಚ್ಚಬೇಡಿ. ಮುಚ್ಚಿದ ಹಾಗೆಯೇ ಹೊಲಿಗೆಯ ಮೇಲೆ ಒಮ್ಮೆ ಪೆಟ್ಟಿಗೆ ಇಟ್ಟು ತೆಗೆಯಿರಿ, ನೂಲು ಬಟ್ಟೆಯೊಳಗೆ ಕೂರುತ್ತದೆ. ಆಮೇಲೆ ಬಿಡಿಸಿ, ಬೆರಳಿನಿಂದ ಸವರಿ, ಹೊಲಿಗೆಯ ಅಂಚು ಗಾಢ ಬಣ್ಣದ ತುಣುಕಿನ ಕಡೆಗೆ ಮಲಗುವಂತೆ ಮೇಲಿನಿಂದ ಒತ್ತಿ. ತಿಳಿ ಬಣ್ಣದ ಕಡೆ ಮಲಗಿಸಿದರೆ ಒಳಗಿನ ಅಂಚು ಹೊರಗೆ ನೆರಳಾಗಿ ಕಾಣುತ್ತದೆ. ಒಂದು ಸಾಲಿನ ಅಂಚುಗಳೆಲ್ಲ ಎಡಕ್ಕೆ, ಮುಂದಿನ ಸಾಲಿನವು ಬಲಕ್ಕೆ ಮಲಗಿದರೆ ಎರಡು ಸಾಲು ಸೇರುವಲ್ಲಿ ಅವು ಒಂದಕ್ಕೊಂದು ಕಚ್ಚಿ ಮೂಲೆ ಸರಿಯಾಗಿ ಕೂಡುತ್ತದೆ. ಬ್ಲೌಸು, ಚೂಡಿದಾರದ ಬದಿಯ ಹೊಲಿಗೆಗಾದರೆ ಅಂಚನ್ನು ಎರಡೂ ಕಡೆಗೆ ಬಿಡಿಸಿ ಒತ್ತುವುದೇ ಸರಿ.

ತಳಕ್ಕೆ ಅಂಟು ಹಿಡಿದರೆ

ಕ್ಯಾನ್ವಾಸಿನ ಅಂಟಿನ ಮೈಯನ್ನು ಮೇಲೆ ಮಾಡಿ ಇಸ್ತ್ರಿ ಇಡುವ ದಿನ ಎಲ್ಲರಿಗೂ ಬರುತ್ತದೆ. ನಾನ್‌ಸ್ಟಿಕ್ ತಳವಾದರೆ ಬೆಚ್ಚಗಿರುವಾಗಲೇ ಮಡಿಸಿದ ಒದ್ದೆ ಬಟ್ಟೆಯಿಂದ ಒರೆಸಿ, ಸ್ಟೀಲ್ ಉಜ್ಜುಗ ಮುಟ್ಟಿಸಬೇಡಿ. ಲೇಪನವಿಲ್ಲದ ತಳಕ್ಕೆ ಕಾಗದದ ಮೇಲೆ ಪುಡಿ ಉಪ್ಪು ಹರಡಿ, ಬಿಸಿ ಪೆಟ್ಟಿಗೆಯನ್ನು ಅದರ ಮೇಲೆ ಉಜ್ಜಬಹುದು. ಹಳೆಯ ಕಂದು ಕಲೆಗೆ ಪ್ಯಾರಸಿಟಮಾಲ್ ಮಾತ್ರೆ ಕೆಲಸ ಮಾಡುತ್ತದೆ. ತಳವನ್ನು ಚೆನ್ನಾಗಿ ಕಾಯಿಸಿ, ಪ್ಲಗ್ ಕಿತ್ತು, ಮಾತ್ರೆಯನ್ನು ಚಿಮಟದಲ್ಲಿ ಹಿಡಿದು ಕಲೆಯ ಮೇಲೆ ತಿಕ್ಕಿ, ಅದು ಕರಗುತ್ತಿದ್ದಂತೆ ದಪ್ಪ ಬಟ್ಟೆಯಿಂದ ಒರೆಸಿ. ಹೊಗೆ ಬರುತ್ತದೆ, ಕಿಟಕಿ ತೆರೆದಿರಲಿ, ಬೆರಳು ದೂರವಿರಲಿ. ಆಮೇಲೆ ಒದ್ದೆ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ, ಕೆಲಸದ ಬಟ್ಟೆಗೆ ಮುಟ್ಟಿಸುವ ಮುಂಚೆ ಒಂದು ಚಿಂದಿಯ ಮೇಲೆ ಓಡಿಸಿ ನೋಡಿ.

ವೈರನ್ನು ತಳ ಪೂರ್ತಿ ಆರಿದ ಮೇಲೆಯೇ ಸುತ್ತಿ, ಅದೂ ಸಡಿಲವಾಗಿ. ಈ ಪೆಟ್ಟಿಗೆಗಳಲ್ಲಿ ಮೊದಲು ಕೆಡುವುದು ಪೆಟ್ಟಿಗೆಯೊಳಕ್ಕೆ ವೈರು ಹೋಗುವ ಕುತ್ತಿಗೆ. ಅಲ್ಲಿ ಹೆಣಿಗೆ ಬಿರಿದದ್ದು ಕಂಡರೆ ಟೇಪ್ ಸುತ್ತಿ ದಿನ ದೂಡಬೇಡಿ, ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಹೊಸ ವೈರು ಹಾಕಿಸಿ.